ಈ ಮನೆಯಲ್ಲಿ ಕಡಲಪಾಚಿ ಬೇಯುವುದಿಲ್ಲ

ಡೇಜೊನ್
ಅಕ್ಟೋಬರ್ 9, 1994

ಮುದ್ದಿನ ಉನ್‌ಸಿಲ್‌ಗೆ ಅಮ್ಮನ ಆಶೀರ್ವಾದ.

ಹೇಗಿದ್ದೀಯ ಮಗಳೇ? ಕಾಲಿನ ಬಾವು ಇಳಿಯಿತೇ? ಅಳಿಯಂದಿರು ಹಡಗಿನಲ್ಲಿದ್ದಾರೆ, ಹೆರಿಗೆಗೆ ಬರಲಾಗುವುದಿಲ್ಲ, ತವರಿಗೇ ಬಂದುಬಿಡುತ್ತೇನೆ ಎಂದು ಬರೆದಿದ್ದೀಯ. ಓದಿ ಕಣ್ಣು ತುಂಬಿ ಬಂತು. ಆದರೆ ಬರಬೇಡ.

ನಿನ್ನ ತಮ್ಮ ಸಂಗ್ಯು ಸಿಯೋಲ್ ಸಂಗೀತ ಸ್ಪರ್ಧೆಯ ಕೊನೆಯ ಸುತ್ತಿಗೆ ಬಂದಿದ್ದಾನೆ. ಪತ್ರಿಕೆಯಲ್ಲಿ ಫೋಟೊ ಬಂದಿದೆ, ಚೆಲ್ಲೊ ತಬ್ಬಿಕೊಂಡು ರಾಜಕುಮಾರನ ಹಾಗೆ ಕೂತಿದ್ದಾನೆ. ಮೊದಲನೆಯವನಾದರೆ ಕಡ್ಡಾಯವಾಗಿ ಸೇನೆಗೆ ಹೋಗುವುದು ತಪ್ಪುತ್ತದೆ. ಇಲ್ಲದಿದ್ದರೆ ಆ ಬೆರಳುಗಳು ಬಂದೂಕು ಹಿಡಿದೇ ಹಾಳಾಗುತ್ತವೆ. ನೀನು ಇಲ್ಲಿ ಹೆತ್ತರೆ ಬಾಣಂತಿಗೆ ಮೂರು ಹೊತ್ತೂ ಕಡಲಪಾಚಿ ಸಾರು ಕಾಯಿಸಲೇಬೇಕು. ಸ್ಪರ್ಧೆಗೆ ಹೋಗುವವನ ಮನೆಯಲ್ಲಿ, ಕುಡಿದವರನ್ನೂ ಜಾರಿಸಿ ಸೋಲಿಸುವ ಆ ಲೋಳೆ ಪದಾರ್ಥವೇ? ನಿನಗೇ ಗೊತ್ತಲ್ಲ. ಸಂಗೀತ ಕಾಲೇಜಿನ ಪ್ರವೇಶ ಪರೀಕ್ಷೆಯ ಬೆಳಿಗ್ಗೆ, ನಿನ್ನ ಹುಟ್ಟುಹಬ್ಬವೆಂದು ಅಜ್ಜಿ ಅದನ್ನೇ ಬಡಿಸಿದರು. ನೀನು ಬಟ್ಟಲು ಬಳಿದು ಕುಡಿದೆ, ಮಧ್ಯಾಹ್ನ ಜಾರಿಬಿದ್ದೆ, ಪಾಸಾಗಲಿಲ್ಲ. ಅಂದೇ ನಿನ್ನ ಚೆಲ್ಲೊ ಅವನ ಪಾಲಾಯಿತು. ಎಷ್ಟು ಒಳ್ಳೆಯದಾಯಿತು ನೋಡು! ನಿನ್ನ ಕೈಯಲ್ಲೇ ಇದ್ದಿದ್ದರೆ ಇವತ್ತಿಗೂ ಮದುವೆ ಹಾಲ್‌ಗಳಲ್ಲಿ ಕುಯ್‌ಗುಡುತ್ತಿತ್ತು.

ಈ ವರ್ಷ ನಿಮ್ಮಪ್ಪನ ಹುಟ್ಟುಹಬ್ಬಕ್ಕೂ ಪಾಚಿ ಸಾರಿನ ಬದಲು ಮೂಲಂಗಿ ಸಾರೇ. "ಹುಟ್ಟಿದ್ದು ನಾನೋ ಅವನೋ?" ಎಂದು ಗೊಣಗಿದರು, ಆಮೇಲೆ ಕುಡಿದರು. ಸಂಗ್ಯು ಮಾತ್ರ, "ಅಕ್ಕ ಬರ್ಲಿ ಬಿಡಮ್ಮ, ನಂಗೆ ಕಮಾನು ಹಿಡಿಯೋದು ಕಲಿಸಿದ್ದೇ ಅವಳು. ಸಾರನ್ನ ನಾನೇನು ಬೆರಳಿಗೆ ಹಚ್ಕೋತೀನಾ?" ಎಂದ. ಬಾಯಿ ಮುಚ್ಚಿಸಿದೆ. ನೀನೇ ಬರಲು ಒಪ್ಪಲಿಲ್ಲ, ಅವನ ಸಂಗೀತ ಕೇಳಿದರೆ ನಿನಗೆ ಹೊಟ್ಟೆಯುರಿ ಎಂದು ಹೇಳಿಬಿಟ್ಟಿದ್ದೇನೆ. ಕೇಳಿದರೆ ನೀನೂ ಹಾಗೇ ಹೇಳು. ಸ್ವಲ್ಪ ಕೋಪ ಬರಲಿ, ಕೋಪ ಬಂದ ದಿನ ಅವನು ಚೆನ್ನಾಗಿ ನುಡಿಸುತ್ತಾನೆ.

ಬೆಚ್ಚಗಿರು ಕಂದ. ತಣ್ಣೀರು ಮುಟ್ಟಬೇಡ, ಭಾರ ಎತ್ತಬೇಡ. ದೇವರು ಸುಖವಾಗಿ ಹೆರಿಗೆ ಮಾಡಿಸಲಿ.

ಸದಾ ನಿನ್ನ ಯೋಚನೆಯಲ್ಲೇ ಇರುವ,
ಅಮ್ಮ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ನಿಮ್ಮೂರ ಆಸ್ಪತ್ರೆಯಿಂದ ಫೋನ್ ಬಂತು. "ನಿಮ್ಮ ಮಗಳಿಗೆ ದಿನ ತುಂಬೋ ಮೊದ್ಲೇ ಹೆರಿಗೆ ಆಗೋಯ್ತು. ಹೆಣ್ಣುಮಗು, ತುಂಬಾ ಸಣ್ಣದಿದೆ. ಅಮ್ಮ ಅಮ್ಮ ಅಂತ ಒಬ್ರೇ ಅಳ್ತಿದ್ದಾರೆ, ಬೇಗ ಬನ್ನಿ" ಎಂದಳು ದಾದಿ. ಪಕ್ಕದ ಕೋಣೆಯಲ್ಲಿ ಕಮಾನು ನಿಂತಿತು. "ಯಾರಮ್ಮ, ಅಕ್ಕನಾ?" ಎಂದು ಕೂಗಿದ. ರಾಂಗ್ ನಂಬರ್ ಎಂದೆ, ದಾದಿಗೂ ಕೇಳಿಸುವ ಹಾಗೆ. ಮತ್ತೆ ನುಡಿಸತೊಡಗಿದ. ಪಾಚಿಯನ್ನು ಅಂಗಡಿಯವನೇ ನೇರವಾಗಿ ನಿನಗೆ ಕಳಿಸುತ್ತಾನೆ, ನೀನೇ ಕಾಯಿಸಿಕೊ.