ಗೆರೆ ಉಳಿಯುವ ದಿನ

ಹವಾಮಾನ ಕಚೇರಿ
ಸೋಮವಾರ, ಮಧ್ಯಾಹ್ನ

ನನ್ನ ಪುಟ್ಟಿಗೆ, ಮಡಿಲಲ್ಲಿರುವ ಗುಂಡನಿಗೂ ಸೇರಿಸಿ ಅಮ್ಮನ ಮುತ್ತುಗಳು.

ಈ ಗುರುವಾರ ನೀವು ಬರುವುದು ಬೇಡ. ಮನೆಗೆ ಬಣ್ಣ ಹೊಡೆಸುತ್ತಿದ್ದೇವೆ, ವಾಸನೆ ಮಗುವಿಗೆ ಆಗಿಬರುವುದಿಲ್ಲ ಎಂದು ಒಂದು ಕಾಗದ ಬರೆದೂ ಆಗಿತ್ತು. ನನ್ನ ಸುಳ್ಳನ್ನು ನೀನು ಚಿಕ್ಕಂದಿನಿಂದಲೂ ಮೂಸಿ ಹಿಡಿಯುವವಳು, ಅದಕ್ಕೇ ಹರಿದು ಹಾಕಿದೆ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಅಪ್ಪ ಪಕ್ಕದಲ್ಲೇ ಕೂತಿರುತ್ತಾರೆ. ನಮ್ಮ ಆಫೀಸಿನ ಡ್ರೈವರ್ ನಾಳೆ ನಿಮ್ಮ ಊರಿನ ಕಡೆ ಹೊರಟಿದ್ದಾನೆ, ಇದನ್ನು ಅವನ ಕೈಯಲ್ಲಿ ಕಳಿಸುತ್ತೇನೆ.

ನಾವು ಮಾತಾಡಿಕೊಂಡದ್ದು ಬದಲಾಗಿಲ್ಲ. ನೀನು ಬಂದು ಮಗುವನ್ನು ಅಪ್ಪನಿಗೆ ತೋರಿಸುವುದು, ಭಾನುವಾರ ಹೊರಡುವಾಗ ನಾನೂ ನಿನ್ನ ಜೊತೆ ಹೊರಟುಬಿಡುವುದು, ಮತ್ತೆ ತಿರುಗಿ ಬಾರದಿರುವುದು. ರಾಜೀನಾಮೆ ಬರೆದಿಟ್ಟಿದ್ದೇನೆ. ಗುರುವಾರದ ಬದಲು ಶನಿವಾರ ಬಾ ಎನ್ನುವುದಷ್ಟೇ ನನ್ನ ಮಾತು. ಯಾಕೆಂದು ಹೇಳಬೇಕಾದರೆ ನಿನ್ನಿಂದ ಮುಚ್ಚಿಟ್ಟದ್ದನ್ನೆಲ್ಲ ಹೇಳಬೇಕಾಗುತ್ತದೆ.

ಕನ್ನಡಕದ ಅಂಗಡಿ ಮುಚ್ಚಿದ ಮೇಲೆ ಅಪ್ಪನಿಗೆ ನೋಡುವುದಕ್ಕೆ ಆಕಾಶ ಬಿಟ್ಟು ಬೇರೇನೂ ಉಳಿಯಲಿಲ್ಲ. ವಿಮಾನದ ಹಿಂದೆ ಬೀಳುವ ಬಿಳಿ ಗೆರೆ ವಿಷವೆಂದು ಮೊಬೈಲಿನಲ್ಲಿ ಯಾರೋ ಹೇಳಿದ್ದು ಅವರ ತಲೆಯಲ್ಲಿ ಕೂತಿದೆ. ಸ್ವಲ್ಪ ಹಾಗೆ, ಸರಿಹೋಗುತ್ತಾರೆ ಎಂದು ನಿನಗೆ ಹೇಳಿದ್ದೆನಲ್ಲ, ಸ್ವಲ್ಪ ಅಲ್ಲ. ಕಿಟಕಿಗಳಿಗೆಲ್ಲ ಪ್ಲಾಸ್ಟಿಕ್ ಹಾಳೆ ಕಟ್ಟಿ, ಅಂಚಿಗೆ ಟೇಪು ಅಂಟಿಸಿದ್ದಾರೆ. ಬಾಗಿಲ ಬುಡದಲ್ಲಿ ಒದ್ದೆ ಟವೆಲು. ಬಟ್ಟೆ ಒಳಗೇ ಒಣಗಬೇಕು, ಒಗ್ಗರಣೆ ಹೊಗೆ ಒಳಗೇ ಸುತ್ತಬೇಕು. ಕೆಲಸದಿಂದ ಬಂದರೆ ಮೆಟ್ಟಿಲ ಮೇಲೆ ನಿಂತು ಸೀರೆ ಕೊಡವಿಯೇ ಒಳಗೆ ಹೋಗಬೇಕು. ಮಲಗಿದರೆ ಡಬ್ಬಿಯೊಳಗೆ ಹಾಕಿ ಮುಚ್ಚಳ ಮುಚ್ಚಿದಂತಿರುತ್ತದೆ.

ಅವರನ್ನು ಸರಿಮಾಡುತ್ತೇನೆಂದು ಹೊರಟು ನಾನೇ ಎಡವಟ್ಟು ಮಾಡಿಕೊಂಡೆ. ಚಳಿಯಲ್ಲಿ ನಮ್ಮ ಬಾಯಿಂದ ಹಬೆ ಬರುವುದಿಲ್ಲವೇ, ಅದೂ ಅಷ್ಟೇ ಎಂದು ವಿವರಿಸಿದೆ. ಇಂಧನ ಉರಿದಾಗ ಹುಟ್ಟುವ ನೀರಾವಿ ಅಷ್ಟು ಎತ್ತರದ ಕೊರೆಯುವ ಚಳಿಯಲ್ಲಿ ಹರಳುಗಟ್ಟುತ್ತದೆ. ಮೇಲಿನ ಗಾಳಿ ಒಣಗಿದ್ದರೆ ಗೆರೆ ಹುಟ್ಟಿದ ಹಾಗೇ ಅಳಿಸಿಹೋಗುತ್ತದೆ. ತೇವ ತುಂಬಿದ್ದರೆ ಗಂಟೆಗಟ್ಟಲೆ ಉಳಿದು, ಹರಡಿ, ಮೋಡದ ಪದರವೇ ಆಗಿಬಿಡುತ್ತದೆ. ಹಿಂದೆ ಮಹಾಯುದ್ಧದಲ್ಲಿ ಈ ಗೆರೆಗಳೇ ವಿಮಾನ ಎಲ್ಲಿದೆಯೆಂದು ಶತ್ರುವಿಗೆ ತೋರಿಸಿಕೊಡುತ್ತಿದ್ದವು, ಅವು ಯಾವ ಎತ್ತರದಲ್ಲಿ ಮೂಡುತ್ತವೆಂದು ಆಗಿನಿಂದಲೂ ನಮ್ಮ ಕಸುಬಿನವರು ಲೆಕ್ಕ ಹಾಕುತ್ತಿದ್ದಾರೆ ಎಂದೂ ಹೇಳಿದೆ. “ಹಾಗಾದ್ರೆ ಯುದ್ಧದ ಕಾಲದಿಂದ್ಲೂ ನಡೀತಿದೆ ಅನ್ನು” ಅಂದರು.

ಮಾತಿನಿಂದ ಆಗದಿದ್ದರೆ ಮಾಡಿಯೇ ತೋರಿಸೋಣ ಎಂದುಕೊಂಡೆ. ದಿನಾ ಬೆಳಿಗ್ಗೆ ಬಲೂನು ಹಾರಿಸಿ ಮೇಲಿನ ತೇವ ಅಳೆಯುವುದು ನನ್ನ ಕೆಲಸವೇ ತಾನೇ. ನಾಳೆ ಗೆರೆ ಉಳಿಯುತ್ತದೆ, ನಾಡಿದ್ದು ಉಳಿಯುವುದಿಲ್ಲ ಎಂದು ಮುಂಚೆಯೇ ಹೇಳತೊಡಗಿದೆ. ಹೇಳಿದ್ದು ಹೇಳಿದಂತೆಯೇ ಆಯಿತು. ತೇವಕ್ಕೂ ಗೆರೆಗೂ ನಂಟು ಇದೆಯೆಂದು ಈಗಲಾದರೂ ಒಪ್ಪುತ್ತಾರೆಂದು ಒಳಗೊಳಗೇ ಹಿಗ್ಗಿದ್ದೆ. ಒಂದು ದಿನ ತಟ್ಟೆ ಪಕ್ಕಕ್ಕೆ ಸರಿಸಿ, ಮೆಲ್ಲಗೆ, “ಅವ್ರು ಯಾವತ್ತು ಸುರೀತಾರೆ ಅಂತ ನಿಂಗೆ ಮೊದ್ಲೇ ಹೇಗೆ ಗೊತ್ತಾಗುತ್ತೆ?” ಎಂದು ಕೇಳಿದರು.

ಅಂದಿನಿಂದ ನಾನು ಕೊಟ್ಟ ನೀರು ಕುಡಿಯಲಿಲ್ಲ. ಅಡುಗೆ ಬೇರೆ ಮಾಡಿಕೊಂಡರು. ನಾನು ಬಂದರೆ ಕೋಣೆಯಿಂದ ಎದ್ದು ಹೋಗುತ್ತಿದ್ದರು. ಅದು ಸಿಟ್ಟಾಗಿದ್ದರೆ ತಡೆದುಕೊಳ್ಳುತ್ತಿದ್ದೆ, ಪುಟ್ಟಿ. ಅವರಿಗೆ ನನ್ನನ್ನು ಕಂಡರೆ ಭಯ. ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಗಂಡ ತನಗೇ ಹೆದರುವುದಕ್ಕಿಂತ ದೊಡ್ಡ ನೋವು ಇಲ್ಲ. ಹೊರಡಬೇಕೆಂದು ನಿನಗೆ ಫೋನಿನಲ್ಲಿ ಪಿಸುಗುಟ್ಟಿದ್ದು ಆಗಲೇ.

ಆಮೇಲೆ ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ನೀನು ಬರುವ ಸುದ್ದಿ ಕೇಳಿ ಅಪ್ಪ, ನಾನಿರುವ ಮನೆಯಲ್ಲಿ ಮಗುವನ್ನು ಬಿಡುವುದಿಲ್ಲ ಎಂದು ಹಟ ಹಿಡಿದರು. ನನಗೂ ರೋಸಿಹೋಗಿತ್ತು. ಹೋದ ವಾರ ಹೌದು ಅಂದುಬಿಟ್ಟೆ. ಹೌದು, ನನಗೆ ಎಲ್ಲ ಗೊತ್ತು, ನಮ್ಮ ಮನೆ ಮೇಲೆ ಇನ್ನು ಸುರಿಯಬೇಡಿ ಎಂದು ವಿಮಾನದವರಿಗೆ ಹೇಳಿದ್ದೇನೆ ಅಂದೆ. ಮೇಲಿನ ಗಾಳಿ ಆಗ ಒಣಗಿತ್ತು, ನನಗದು ಗೊತ್ತಿತ್ತು. ವಿಮಾನಗಳು ಎಂದಿನಂತೆ ಹೋದವು, ಹಿಂದೆ ಒಂದು ಗೆರೆಯೂ ನಿಲ್ಲಲಿಲ್ಲ.

ಅಪ್ಪ ನಡುಮನೆಯ ಕಿಟಕಿಯ ಟೇಪನ್ನು ತಾವೇ ಕಿತ್ತರು. ನಾನು ಬಡಿಸಿದ್ದನ್ನು ಉಂಡರು. ನನ್ನ ಕೈ ಹಿಡಿದುಕೊಂಡು ಅತ್ತರು. ಒಳಗೆ ಬಂದ ಗಾಳಿಗೆ ಕ್ಯಾಲೆಂಡರು ಪಟಪಟ ಅಂದಿತು, ನನಗೆ ಹೋದ ಜೀವ ಬಂದಂತಾಯಿತು. ಸತ್ಯ ಹೇಳಿ ಕಳೆದುಕೊಂಡ ಗಂಡನನ್ನು ಸುಳ್ಳು ಹೇಳಿ ವಾಪಸು ಪಡೆದೆ. ಈ ಸುಖ ಎಷ್ಟು ದಿನ ಎಂದು ಆ ಕ್ಷಣದಲ್ಲಿ ಯೋಚಿಸಲೇ ಇಲ್ಲ.

ಇವತ್ತು ನಕ್ಷೆ ನೋಡಿದೆ. ಗುರುವಾರಕ್ಕೆ ಸರಿಯಾಗಿ ಮೇಲೆ ತೇವದ ಗಾಳಿ ಬರುತ್ತಿದೆ. ಊರಿನ ಮೇಲೆಲ್ಲ ಗೆರೆಗಳು ಬೀಳುತ್ತವೆ, ಸಂಜೆಯವರೆಗೂ ಉಳಿಯುತ್ತವೆ. ನೀನು ಮಗುವನ್ನು ಎತ್ತಿಕೊಂಡು ಒಳಗೆ ಬರುವ ಹೊತ್ತಿಗೆ ಅಪ್ಪ ತಲೆ ಎತ್ತಿ ನೋಡಿದರೆಂದರೆ ನಾನು ಮತ್ತೆ ಮೋಸಗಾರ್ತಿ, ನೀವೆಲ್ಲ ಆ ಪ್ಲಾಸ್ಟಿಕ್ಕಿನೊಳಗೆ. ಬಾಗಿಲನ್ನು ಯಾರಿಗೂ ತೆಗೆಯಲು ಬಿಡಲಿಕ್ಕಿಲ್ಲ. ಶನಿವಾರಕ್ಕೆ ಮತ್ತೆ ಒಣಗುತ್ತದೆ. ಆ ದಿನವೇ ಬಾ. ಅಳಿಯಂದಿರಿಗೆ ಬಣ್ಣದ ಕತೆಯನ್ನೇ ಹೇಳು, ಪರವಾಗಿಲ್ಲ.

ಅವರನ್ನು ಬಿಟ್ಟು ಬರಲು ನನಗೆ ಕಷ್ಟವಾಗುತ್ತದೆ, ಸುಳ್ಳೇಕೆ ಹೇಳಲಿ. ಆದರೂ ಬರುತ್ತೇನೆ. ನಾನು ಉಸಿರಾಡಬೇಕು.

ನಿನ್ನನ್ನೂ ಗುಂಡನನ್ನೂ ನೋಡಲು ಕಾದಿರುವ,
ಅಮ್ಮ

ಮಂಗಳವಾರ, ಡ್ರೈವರ್ ಹೊರಡುವ ಮುಂಚೆ: ಗುರುವಾರವೇ ಬಾ. ಬೆಳಿಗ್ಗೆ ನನ್ನ ಮುಖ ನೋಡಿಯೇ ಅಪ್ಪನಿಗೆ ಏನೋ ಹೊಳೆಯಿತು. ಗುರುವಾರ ಗೆರೆ ಬೀಳುತ್ತದೆ ಎಂದು ಹೇಳಿಬಿಟ್ಟೆ. ಆ ದಿನ ತಪ್ಪಿಸಲು ಆಗುವುದಿಲ್ಲವೇ ಎಂದು ಕೇಳಿದರು, ಇಲ್ಲ ಅಂದೆ. “ಹಾಗಾದ್ರೆ ಅವತ್ತು ಬರೀ ನೀರು, ಮಂಜು ಮಾತ್ರ ಬಿಡೋಕೆ ಹೇಳು. ನೀನು ಹೇಳಿದ್ರೆ ಕೇಳ್ತಾರೆ” ಅಂದರು. ಆಗಲಿ, ಬರೀ ಮಂಜೇ ಇರುತ್ತದೆ ಅಂದೆ. ಉಳಿದ ಕಿಟಕಿಗಳ ಟೇಪನ್ನೂ ಕಿತ್ತು, ಮಗುವಿಗೆ ಗಾಳಿ ಬರಲಿ ಎಂದು ಎಲ್ಲ ತೆರೆದಿಟ್ಟಿದ್ದಾರೆ. ಆಮೇಲೆ, ಇದು ಎಷ್ಟು ದಿನ ನಡೆಯುತ್ತದೆ ಎಂದು ಕೇಳಿದರು. ನಾನು ಈ ಕೆಲಸದಲ್ಲಿ, ಈ ಮನೆಯಲ್ಲಿ ಇರುವ ತನಕ ಎಂದು ಬಾಯಿಗೆ ಬಂದುಬಿಟ್ಟಿತು. ಭಾನುವಾರ ನೀನೂ ಮಗುವೂ ಹೊರಡಿ, ಪುಟ್ಟಿ. ನನಗೆ ಟಿಕೆಟ್ ತೆಗೆಸಬೇಡ.