ಲೀನೊ ಕುಡಿದ ಹಾಲು

ಎಲ್ ತೆಪೊಸಾನ್, ಹಲಿಸ್ಕೊ
ಸೋಮವಾರ, 18 ನವೆಂಬರ್ 1991

ಪ್ರೀತಿಯ ಕೊಮಾದ್ರೆ ಕಸಿಲ್ದಾ,

ಲಕೋಟೆಯ ಹಿಂದೆ ನನ್ನ ಹೆಸರು ನೋಡಿ ಇದನ್ನು ಒಡೆಯದೆಯೇ ಒಲೆಗೆ ಹಾಕಬೇಕೆನಿಸಿದ್ದರೆ ಅದು ನಿನ್ನ ತಪ್ಪಲ್ಲ. ಒಡೆದಿದ್ದೀಯಾದರೆ ದಯವಿಟ್ಟು ಕೂತು ಓದು. ನಿನ್ನ ಪತ್ರ ನನಗೆ ತಲುಪಿದ್ದು 1965ರ ಮೇ ತಿಂಗಳಲ್ಲಿ. ಉತ್ತರ ಬರೆಯುವುದಕ್ಕೆ ಇಪ್ಪತ್ತಾರು ವರ್ಷ ತಡಮಾಡಿದ್ದೇನೆ. ಕೆಲಸವಿತ್ತು, ಕಾಯಿಲೆಯಿತ್ತು ಎಂದೆಲ್ಲ ಬರೆದರೆ ನೀನು ನಗುತ್ತೀಯೆ. ಬರೆಯಲಿಲ್ಲ, ಅಷ್ಟೆ. ನಿನ್ನನ್ನು ಕೊಮಾದ್ರೆ ಎಂದು ಕರೆಯುವ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ ತಿಳಿಯದು. ಆದರೆ ನನ್ನ ಲೀನೊನ ಜ್ಞಾನಸ್ನಾನದ ದಿನ ಅವನನ್ನು ಎತ್ತಿಕೊಂಡು ನಿಂತಿದ್ದ ಜ್ಞಾನತಾಯಿ ನೀನು. ಆ ನಂಟನ್ನು ಬಿಡಿಸಲು ಪಾದ್ರಿಗೂ ಆಗದು.

ನೀನು ಆಗ್ವಾಸ್ಕಾಲಿಯೆಂತೆಸ್‌ನಲ್ಲಿ ಅದೇ ಬೀದಿಯಲ್ಲೇ ಇದ್ದೀಯೆ, ಬ್ರೆಡ್ಡಿನ ಅಂಗಡಿ ಈಗ ಮಗಳು ನೋಡಿಕೊಳ್ಳುತ್ತಾಳೆ, ನಿನಗೆ ಮಂಡಿನೋವು ಎಂದು ನಿನ್ನ ಅಣ್ಣನ ಮಗಳು ತೆರೆಸಾ ಸಂತೆಯಲ್ಲಿ ಹೇಳಿದಳು. ಇಲ್ಲಿ ನಾವೆಲ್ಲ ಕ್ಷೇಮ ಎಂದು ಮೊದಲ ಸಾಲಿಗೇ ಬರೆಯುವುದು ವಾಡಿಕೆ. ಅದನ್ನು ಬರೆಯಲು ಕೈ ಓಡಲಿಲ್ಲ. ಇವತ್ತು ಬೆಳಿಗ್ಗೆ ನನ್ನ ಹದಿನಾಲ್ಕು ತಿಂಗಳ ಮೊಮ್ಮಗ ತೋಮಾಸನ ಮುಂಗೈಗೆ ಒಂದು ಸೂಜಿ ಚುಚ್ಚಿದ್ದಾರೆ. ಚುಚ್ಚಿದ ಜಾಗ ಊದಿಕೊಳ್ಳುತ್ತದೆಯೇ ಇಲ್ಲವೇ ಎಂದು ಗುರುವಾರ ನೋಡುತ್ತಾರೆ. ಗಂಟೆಗೆ ನಾಲ್ಕು ಸಲ ಹೋಗಿ ಅವನ ಕೈ ನೋಡಿಬರುತ್ತಿದ್ದೇನೆ. ಸೊಸೆ ಬೈದಳು. ಅದಕ್ಕೇ ಕಾಗದ ಹಿಡಿದು ಕುಳಿತೆ.

ಮೊದಲಿಂದ ಹೇಳುತ್ತೇನೆ. ನನ್ನ ಮಗ ಗಿಲ್ದಾರ್ದೊ ನೀನು ಊರು ಬಿಟ್ಟ ಮೇಲೆ ಹುಟ್ಟಿದವನು. ಅವನ ಹೆಂಡತಿ ನಿಯೆವೆಸ್ ಲೆಯೋನ್ ಪಟ್ಟಣದವಳು. ತೋಮಾಸನಿಗಿಂತ ದೊಡ್ಡವಳು ಅರಾಸೆಲಿ, ಆರು ವರ್ಷ. ಬಾಯಿಬಡುಕಿ. ಅವಳ ಅಜ್ಜ, ನನ್ನ ಫಿಲೆಮೋನ್, ಹಸು ಹಿಂಡಲು ಕೂತರೆ ಅವಳು ಲೋಟ ಹಿಡಿದು ಪಕ್ಕದಲ್ಲೇ ನಿಲ್ಲುತ್ತಿದ್ದಳು. ಕೆಚ್ಚಲಿನಿಂದ ನೇರ ಲೋಟಕ್ಕೆ, ಬೆಚ್ಚಗೆ, ನೊರೆ ಸಮೇತ. ನಮ್ಮ ಕೊಟ್ಟಿಗೆ ನಿನಗೆ ಗೊತ್ತಲ್ಲ. ಮೊನ್ನೆ ಮೊನ್ನೆಯವರೆಗೂ ಭಾನುವಾರ ಬೆಳಗಾದರೆ ಅರ್ಧ ಊರು ಬಂದು ನಿಲ್ಲುತ್ತಿತ್ತು, ಮಣ್ಣಿನ ಲೋಟದಲ್ಲಿ ಚಾಕೊಲೇಟು, ಸಕ್ಕರೆ, ಒಂದು ತೊಟ್ಟು ಕಬ್ಬಿನ ಸಾರಾಯಿ ಹಾಕಿಕೊಂಡು. ಫಿಲೆಮೋನ್ ಅದರ ಮೇಲೆ ಹಾಲು ಕರೆದು ಕೊಡುತ್ತಿದ್ದ. ಪಾದ್ರಿಯೂ ಬರುತ್ತಿದ್ದರು, ಸಾರಾಯಿ ಬೇಡ ಎನ್ನುತ್ತಿದ್ದರು, ಹಾಕಿದರೆ ಗಮನಿಸುತ್ತಿರಲಿಲ್ಲ.

ಆಗಸ್ಟಿನಲ್ಲಿ ಅರಾಸೆಲಿಯ ದವಡೆಯ ಕೆಳಗೆ ಒಂದು ಗಂಟು ಕಾಣಿಸಿಕೊಂಡಿತು. ನಿಂಬೆಹಣ್ಣಿನಷ್ಟು. ನೋವಿಲ್ಲ. ವಾರದೊಳಗೆ ಅದರ ಪಕ್ಕದಲ್ಲೇ ಇನ್ನೊಂದು. ಸಂಜೆಯಾದರೆ ಮೈ ಬಿಸಿ. ನಾನು ಮೊದಲು ಓಡಿದ್ದು ದೃಷ್ಟಿ ತೆಗೆಯುವ ಲಿಬ್ರಾದಾ ಹತ್ತಿರ. ಅವಳು ಮೊಟ್ಟೆಯನ್ನು ಮಗುವಿನ ತಲೆಯಿಂದ ಕಾಲಿನವರೆಗೆ ಉಜ್ಜಿ, ನೀರಿನ ಲೋಟಕ್ಕೆ ಒಡೆದು ಹಾಕಿ, "ಕಣ್ಣು ಮೂಡಿದೆ ನೋಡು ಒಬ್ದುಲಿಯಾ. ಮಗೂನ ಮೆಚ್ಕೊಂಡು, ಮುಟ್ದೇ ಹೋದವರು ಯಾರು?" ಎಂದಳು. ಔಷಧಿ ಅಂಗಡಿಯವನ ಹೊಸ ಹೆಂಡತಿ ಹಿಂದಿನ ವಾರವಷ್ಟೇ ಅರಾಸೆಲಿಯ ಜಡೆ ನೋಡಿ ಎಷ್ಟು ಚೆಂದ ಎಂದಿದ್ದಳು, ಮುಟ್ಟಿರಲಿಲ್ಲ; ಮೆಚ್ಚಿದವರು ಮುಟ್ಟಿದರೆ ದೃಷ್ಟಿ ತಾಗದು ಎನ್ನುತ್ತಾರಲ್ಲ. ಆ ಹೆಸರು ನನ್ನ ಬಾಯಿಗೆ ಬಂದೇಬಿಟ್ಟಿತ್ತು. ನಿಯೆವೆಸ್ ಬಂದು ಮಗುವನ್ನು ಎಳೆದುಕೊಂಡು ಹೋದದ್ದರಿಂದ ಆ ಹೆಸರು ಒಳಗೇ ಉಳಿಯಿತು. ಕಸಿಲ್ದಾ, ಇನ್ನೊಂದು ಗಳಿಗೆಯಾಗಿದ್ದರೆ ಅದನ್ನೇ ಎರಡನೇ ಸಲ ಮಾಡುತ್ತಿದ್ದೆ.

ನಿಯೆವೆಸ್ ನಮಗೆ ಹೇಳದೆ ಮಗುವನ್ನು ಆರೋಗ್ಯ ಕೇಂದ್ರಕ್ಕೆ ಕರೆದೊಯ್ದಳು. ಅಲ್ಲಿಂದ ಗ್ವಾದಲಹಾರಕ್ಕೆ ಕಳಿಸಿದರು. ಗಂಟಿಗೆ ಸೂಜಿ ಹಾಕಿ ಕೀವು ತೆಗೆದರು. ಆರು ವಾರ ಕಾದ ಮೇಲೆ ಕಾಗದ ಬಂತು: ಕ್ಷಯ. ಮನುಷ್ಯರಿಂದ ಬಂದ ಕ್ಷಯವಲ್ಲ, ಹಸುವಿನದು. ಹಾಲಿನಿಂದ ಬಂದದ್ದು.

ಕಾಗದ ತಂದವಳು ಆರೋಗ್ಯ ಕೇಂದ್ರದ ಡಾಕ್ಟರಮ್ಮ, ರೆಂತೆರಿಯಾ ಎಂದು. ನಮ್ಮ ಮಕ್ಕಳಿಗಿಂತ ಚಿಕ್ಕವಳು. ಅಡುಗೆಮನೆಯಲ್ಲೇ ಕೂತಳು. ಫಿಲೆಮೋನ್ ನಿಂತೇ ಇದ್ದ.

"ನಮ್ಮಪ್ಪ ತೊಂಬತ್ತೊಂದು ವರ್ಷ ಬದುಕಿದ," ಎಂದ. "ಒಂದು ದಿನ ಕಾಸಿದ ಹಾಲು ಕುಡಿದವನಲ್ಲ. ಹಾಲು ಕಾಸೋದು ಅಂದ್ರೆ ಅದನ್ನ ಸಾಯ್ಸಿ ಹೆಣ ಕುಡಿದ ಹಾಗೆ."

"ನಿಮ್ಮಪ್ಪ ಬದುಕಿದ್ರು, ಸಂತೋಷ ದೋನ್ ಫಿಲೆಮೋನ್," ಎಂದಳು ಅವಳು. "ಬದುಕಿದವರನ್ನ ನೀವು ಚೆನ್ನಾಗಿ ಲೆಕ್ಕ ಇಟ್ಟಿದೀರಿ. ಸತ್ತವರು? ಈ ಮನೇಲಿ ಚಿಕ್ಕ ಮಕ್ಕಳು ಯಾರಾದ್ರೂ ತೀರ್ಕೊಂಡಿದ್ರಾ?"

ಅವನು ನನ್ನ ಮುಖ ನೋಡಿದ. ನಾನೇ ಹೇಳಿದೆ. "ಒಬ್ಬ. ಮೂರು ವರ್ಷದವನು. ದೃಷ್ಟಿ ತಾಗಿ."

"ಏನಾಗಿತ್ತು?"

ನಿನಗೆ ಗೊತ್ತಿರುವುದನ್ನೆಲ್ಲ ಅವಳಿಗೆ ಹೇಳಿದೆ. ಎರಡು ವಾರ ಮಂಕಾಗಿದ್ದ. ಆಮೇಲೆ ವಾಂತಿ. ಬೆಳಕು ಬೇಡ ಎಂದು ಅಳುತ್ತಿದ್ದ. ಕತ್ತು ಕಟ್ಟಿಗೆಯಾಯಿತು, ಒಂದು ಕಣ್ಣು ಮೂಗಿನ ಕಡೆ ತಿರುಗಿತು, ಕೊನೆಗೆ ಸೆಳೆತ. ಅವಳು ಬರೆದುಕೊಳ್ಳುತ್ತಿದ್ದವಳು ನಿಲ್ಲಿಸಿದಳು.

"ಅವನೂ ಇದೇ ಹಾಲು ಕುಡೀತಿದ್ನಾ?"

"ದಿನಾ," ಎಂದೆ.

ಅವಳು ಪೆನ್ನಿನ ಮುಚ್ಚಳ ಹಾಕಿದಳು. ನಾನು ಬಿಡಲಿಲ್ಲ. "ಮುಚ್ಚಿಡಬೇಡ ಮಗಳೇ, ಹೇಳು."

"ಮೂವತ್ತೊಂದು ವರ್ಷ ಆಯ್ತು ದೋನ್ಯಾ ಒಬ್ದುಲಿಯಾ. ಇದೇ ಅಂತ ಆಣೆ ಇಟ್ಟು ಹೇಳಕ್ಕೆ ನನ್ನಿಂದ ಆಗಲ್ಲ. ಆದ್ರೆ ಈ ಕಾಯಿಲೆ ಮೆದುಳಿಗೆ ಹತ್ತಿದ್ರೆ ಹೀಗೇ ಆಗುತ್ತೆ. ಯಾರೋ ನೋಡಿದ್ರು ಅಂತ ಮಗೂನ ಕತ್ತು ಬಿಗಿಯಲ್ಲ."

ಆ ಮಾತು ಕೇಳಿದ ದಿನದಿಂದ ನಿನ್ನ ಮುಖ ಕಣ್ಣ ಮುಂದೆಯೇ ಇದೆ. ಲೀನೊನನ್ನು ಮಣ್ಣು ಮಾಡಿದ ದಿನ ಚರ್ಚಿನ ಬಾಗಿಲಲ್ಲಿ ನಾನು ನಿನ್ನ ಕಡೆ ಬೆರಳು ತೋರಿಸಿ, "ಇವಳ ಕಣ್ಣು ನನ್ನ ಮಗನ್ನ ತಿಂತು," ಎಂದಿದ್ದೆ. ಊರು ನಂಬಿತು. ನಿನ್ನನ್ನು ಕಂಡರೆ ತಾಯಂದಿರು ಮಕ್ಕಳ ಮುಖಕ್ಕೆ ಸೆರಗು ಮುಚ್ಚಿದರು. ನಿನ್ನ ಬ್ರೆಡ್ಡು ಬುಟ್ಟಿಯಲ್ಲೇ ಒಣಗಿತು. ವರ್ಷ ತುಂಬುವುದರೊಳಗೆ ನೀನು ಮುದಿ ತಾಯಿಯನ್ನು ಕರೆದುಕೊಂಡು ಬಸ್ಸು ಹತ್ತಿದೆ. ನಾನು ಕಿಟಕಿಯಿಂದ ನೋಡಿದೆ. ಸಮಾಧಾನವಾಯಿತು ಎಂದರೆ ಕ್ಷಮಿಸುತ್ತೀಯಾ? ಆಗಿತ್ತು.

ಅಕ್ಟೋಬರಿನಲ್ಲಿ ಪಶುವೈದ್ಯ ಬಂದ. ಹದಿನಾಲ್ಕು ಹಸುಗಳಿಗೂ ಬಾಲದ ಬುಡಕ್ಕೆ ಸೂಜಿ ಹಾಕಿ, ಮೂರು ದಿನ ಬಿಟ್ಟು ಬಂದು ಬೆರಳಿನಿಂದ ಒತ್ತಿ ನೋಡಿದ. ನಾಲ್ಕಕ್ಕೆ ಊದಿತ್ತು. ಅದರಲ್ಲಿ ಒಂದು ಕನೇಲ, ಅರಾಸೆಲಿಯ ಲೋಟ ತುಂಬುತ್ತಿದ್ದವಳು. ನೋಡಿದರೆ ಮೈತುಂಬಿಕೊಂಡ, ಹೊಳೆಯುವ ಹಸು. ಲಾರಿ ಬಂದು ನಾಲ್ಕನ್ನೂ ಕಸಾಯಿಖಾನೆಗೆ ಒಯ್ದಾಗ ಫಿಲೆಮೋನ್ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ. ಆಮೇಲೆ ಒಳಗೆ ಬಂದು, "ಊರಲ್ಲಿ ಯಾರಿಗೂ ಬಾಯಿ ಬಿಡಬೇಡ ಕಣೇ. ಮಾರಿಬಿಟ್ಟೆ ಅಂತೀನಿ," ಎಂದ.

ನಾನು ಬಾಯಿ ಬಿಟ್ಟೆ. ನಮ್ಮ ಹಾಲು ಹೋಗುತ್ತಿದ್ದ ಹನ್ನೊಂದು ಮನೆಗಳಿಗೂ ನಡೆದುಕೊಂಡು ಹೋದೆ. ಕಾಸಿ ಕುಡಿಯಿರಿ, ಮಕ್ಕಳ ಕತ್ತು ಮುಟ್ಟಿ ನೋಡಿ, ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ ಎಂದೆ. ಐದು ಮನೆಯವರು ಹೋದರು. ಇಬ್ಬರು ಬಾಗಿಲು ಮುಚ್ಚಿದರು. ಉಳಿದವರು ಆಗಲಿ ಎಂದರು, ಹೋದರೋ ಇಲ್ಲವೋ. ಕೊನೆಗೆ, ಯಾರೂ ಕೇಳದಿದ್ದರೂ ಕೆರೆ ಪಕ್ಕದ ರೊಸೌರಾ ಮನೆಗೂ ಹೋದೆ. ಅವಳಿಗೆ ಸ್ವಂತ ಹಸುಗಳಿವೆ, ಒಂದೂ ಪರೀಕ್ಷೆಯಾಗಿಲ್ಲ. ಅವಳು, "ನಿಮ್ಮ ಹಸು ಸತ್ತವು ಅಂತ ನಮ್ಮ ಹಸುಗೂ ರೋಗ ಅಂಟಿಸ್ತೀರಾ? ಹೊಟ್ಟೆಕಿಚ್ಚಿಗೂ ಒಂದು ಮಿತಿ ಬೇಡ್ವಾ?" ಎಂದಳು. ಅವಳ ಮೂರು ಮಕ್ಕಳು ಅಂಗಳದಲ್ಲಿ ಆಡುತ್ತಿದ್ದವು.

ಫಿಲೆಮೋನ್ ನನ್ನೊಡನೆ ಎಂಟು ದಿನ ಮಾತು ಬಿಟ್ಟ. ನಿಯೆವೆಸ್ ಪ್ರತ್ಯೇಕ ಒಲೆ ಹೂಡಿದ್ದಾಳೆ. ಅಂಗಡಿಯಿಂದ ಡಬ್ಬಿ ಹಾಲು ತರುತ್ತಾಳೆ, ಅದನ್ನೂ ಮತ್ತೆ ಕಾಸುತ್ತಾಳೆ. "ಅತ್ತೆ, ಬೇಜಾರು ಮಾಡ್ಕೋಬೇಡಿ. ಇನ್ಮೇಲೆ ನನ್ನ ಮಕ್ಕಳಿಗೆ ನಿಮ್ಮ ಕೈಯಿಂದ ಏನೂ ಕೊಡ್ಬೇಡಿ," ಎಂದಿದ್ದಾಳೆ. ಬೇಜಾರು ಮಾಡಿಕೊಳ್ಳಲು ನನಗೆ ಮುಖವೆಲ್ಲಿದೆ?

ಅರಾಸೆಲಿ ಒಂಬತ್ತು ತಿಂಗಳು ಮಾತ್ರೆ ನುಂಗಬೇಕು. ಮೊದಲ ದಿನವೇ ಹಿತ್ತಲಿನಿಂದ ಓಡಿಬಂದು, "ಅಜ್ಜಿ, ನಾನು ಕಿತ್ತಳೆ ರಸ ಉಚ್ಚೆ ಹುಯ್ದೆ," ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು. ಮಾತ್ರೆಯ ಬಣ್ಣವಂತೆ. ಆವತ್ತು ಎಲ್ಲರೂ ನಕ್ಕೆವು, ಫಿಲೆಮೋನ್ ಕೂಡ. ಒಂದು ಗಂಟು ಕರಗುತ್ತಿದೆ, ಇನ್ನೊಂದು ಒಡೆದು ಸೋರುತ್ತಿದೆ. ಕತ್ತಿನಲ್ಲಿ ಕಲೆ ಉಳಿಯುತ್ತದೆ ಎಂದಿದ್ದಾರೆ. ಉಳಿಯಲಿ, ಅವಳು ಉಳಿದರೆ ಸಾಕು.

ತೋಮಾಸನ ಚಿಂತೆಯೇ ಬೇರೆ. ಅವನಿಗೆ ಮಾತು ಬಾರದು, ತಲೆ ನೋಯುತ್ತದೆ ಎಂದು ಹೇಳಲಾರ. ನಿನ್ನೆ ಒಂದು ಸಲ ವಾಂತಿ ಮಾಡಿದ. ಬಾಳೆಹಣ್ಣು ಹೆಚ್ಚಾಗಿತ್ತು ಎನ್ನುತ್ತಾಳೆ ನಿಯೆವೆಸ್. ನಾನು ಅವನನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ, ಕಣ್ಣು ಮುಚ್ಚುತ್ತಾನೇನೋ ಎಂದು. ನನ್ನ ಮುಖ ನೋಡಿ ಅವನು ನಕ್ಕ.

ಗುರುವಾರ, 21

ಕಾಗದವನ್ನು ಹಾಗೇ ಇಟ್ಟಿದ್ದೆ. ಇವತ್ತು ನೋಡಿದರು. ಊದಿದೆ, ಕಸಿಲ್ದಾ. ಡಾಕ್ಟರಮ್ಮ ಅಳತೆಪಟ್ಟಿ ಇಟ್ಟು ಅಳೆದಳು. ನಾನು ಗೋಡೆ ಹಿಡಿದುಕೊಂಡೆ. ಅವಳು ನನ್ನನ್ನು ಬೆಂಚಿನ ಮೇಲೆ ಕೂರಿಸಿ, "ದೋನ್ಯಾ, ಬೀಜ ಬಿದ್ದಿದೆ, ಮೊಳೆತಿಲ್ಲ. ಎದೆಯ ಫೋಟೊ ಶುದ್ಧವಾಗಿದೆ. ಮೊಳೆಯೋಕೆ ಮುಂಚೆ ನಾವು ಕೊಲ್ತೀವಿ," ಎಂದಳು. ಆರು ತಿಂಗಳು ಔಷಧ. ಹಾಗಾದರೆ ಬದುಕುತ್ತಾನೆ. ಅವಳು ಹಾಗೆ ಹೇಳಲಿಲ್ಲ, ನಾನೇ ಹೇಳಿಕೊಳ್ಳುತ್ತಿದ್ದೇನೆ. ಹಿಂದಿರುಗುವಾಗ ನಿಯೆವೆಸ್ ಮಗುವನ್ನು ನನ್ನ ತೋಳಿಗೆ ಕೊಟ್ಟಳು, ಅವಳ ಕೈ ಸೋತಿತ್ತು. ಇಡೀ ದಾರಿ ನಾನೇ ಎತ್ತಿಕೊಂಡು ಬಂದೆ. ಸಂಜೆ ಫಿಲೆಮೋನ್ ಹಾಲಿನ ಪಾತ್ರೆಯನ್ನು ತಾನೇ ಒಲೆಯ ಮೇಲಿಟ್ಟು, ಉಕ್ಕುವವರೆಗೂ ಪಕ್ಕದಲ್ಲಿ ನಿಂತಿದ್ದ.

ನಿನ್ನ ಮಕ್ಕಳು ಮೊಮ್ಮಕ್ಕಳನ್ನು ದೇವಮಾತೆ ಕಾಯಲಿ. ನಿನ್ನ ಮಂಡಿಗೆ ಬಲ ಬರಲಿ. ಕ್ಷಮಿಸು ಎಂದು ಕೇಳುತ್ತಿಲ್ಲ. ಅದು ಕೊಡುವವರ ಇಷ್ಟ. ಬೈದು ಒಂದು ಸಾಲು ಬರೆದರೂ ಇಟ್ಟುಕೊಳ್ಳುತ್ತೇನೆ.

ನಿನ್ನ
ಒಬ್ದುಲಿಯಾ

ತಾ.ಕ.: ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದ್ದೇನೆ. ಮೇಲೆ ಬರೆದದ್ದು ಅರ್ಧ. ಲೀನೊ ಸಾಯುವುದಕ್ಕೆ ಮೂರು ತಿಂಗಳ ಮುಂಚೆ, ಕ್ರಿಸ್‌ಮಸ್ಸಿಗೆ, ನೀನು ಪಟ್ಟಣದ ವೈದ್ಯರೊಬ್ಬರ ಮನೆಯ ಕೆಲಸ ಬಿಟ್ಟು ಊರಿಗೆ ಮರಳಿ ನಮ್ಮ ಕೊಟ್ಟಿಗೆಯಲ್ಲಿ ನಿಂತಿದ್ದೆ. ನಾವಿಬ್ಬರೇ ಇದ್ದೆವು, ಮತ್ತು ಮಗು. "ಒಬ್ದುಲಿಯಾ, ಈ ಹಸು ಕೆಮ್ತಿದೆ. ಮಗೂಗೆ ಕೊಡೋ ಹಾಲನ್ನಾದ್ರೂ ಒಂದು ಕುದಿ ಕಾಸು," ಎಂದೆ ನೀನು. ಸ್ವಂತಕ್ಕೆ ಒಂದು ಮೇಕೆಯೂ ಇಲ್ಲದವಳು ನನ್ನ ಹಸುವಿನಲ್ಲಿ ಹುಳುಕು ಹುಡುಕುತ್ತೀಯಾ ಎಂದು ನಾನು ಕೇಳಿ, ನಿನ್ನ ಕಣ್ಣೆದುರೇ ಹಾಲು ಕರೆದು ಅವನಿಗೆ ಕುಡಿಸಿದೆ. ಇನ್ನೂ ಬೇಕು ಎಂದ. ಇನ್ನೂ ಕೊಟ್ಟೆ. ನೀನು ಅವನನ್ನೇ ನೋಡುತ್ತ ನಿಂತೆ. ನಾನು ಊರಿಗೆಲ್ಲ ಹೇಳಿದ್ದು ಆ ನೋಟವನ್ನು. ನಿನ್ನ ಮಾತನ್ನು ಫಿಲೆಮೋನನಿಗೂ ಇವತ್ತಿನವರೆಗೆ ಹೇಳಿಲ್ಲ. ಒಂದು ದಿನದ ಹಾಲಿನಿಂದ ಬರುವ ಕಾಯಿಲೆ ಇದಲ್ಲ ಎನ್ನುತ್ತಾಳೆ ಡಾಕ್ಟರಮ್ಮ. ನೀನು ಎಚ್ಚರಿಸಿದ ಮೇಲೂ ನಾನು ಎಷ್ಟು ದಿನ ಕೊಟ್ಟೆ ಎಂದು ಅವಳಿಗೆ ಗೊತ್ತಿಲ್ಲ. ಚರ್ಚಿನ ಬಾಗಿಲಲ್ಲಿ ನಾನು ಬೆರಳು ತೋರಿಸಿದಾಗ ಜನರೆಲ್ಲ ನಿನ್ನನ್ನೇ ನೋಡುತ್ತಿದ್ದರು. ಆ ಒಂದು ಮಾತು ನಿನ್ನ ನಾಲಿಗೆಯ ತುದಿಗೆ ಬಂದದ್ದು ನನಗೆ ಕಂಡಿತು. ನೀನು ನನ್ನ ಬರಿದಾದ ತೋಳುಗಳನ್ನು ನೋಡಿದೆ, ಹೇಳದೆ ಹೋದೆ.