ಮಗಳಿಗೆ ಕೊಟ್ಟ ಕುರ್ಚಿಯನ್ನು ವಾಪಸು ತೆಗೆದುಕೊಳ್ಳಿ

ನೌಕರರ ವೈದ್ಯಕೀಯ ಮಂಡಳಿಯ ಅಧ್ಯಕ್ಷರಿಗೆ

ಮಾನ್ಯರೇ,

ತಾವು ಕುಳಿತೇ ಇದ್ದೀರಿ ಎಂದು ನಂಬಿ ಬರೆಯುತ್ತಿದ್ದೇನೆ. ಕೂತರೆ ಎಲ್ಲ ಬೆನ್ನುಗಳೂ ಸರಿಹೋಗುತ್ತವೆ ಎಂಬುದು ತಮ್ಮ ಮಂಡಳಿಯ ಸಿದ್ಧಾಂತವಾದ್ದರಿಂದ ತಮಗೆ ಬೇರೆ ಭಂಗಿ ಇರಲಾರದು. ನನ್ನ ತಕರಾರು ಇಷ್ಟೇ. ಮನೆಮನೆ ತಿರುಗಿ ನೀರಿನ ಮೀಟರ್ ಓದುತ್ತಿದ್ದ ನನ್ನ ಮಗಳನ್ನು ತಾವು ದಯೆಯಿಟ್ಟು ದಾಖಲೆ ಕೋಣೆಯ ಕುರ್ಚಿಗೆ ಹಾಕಿದಿರಿ. ಆ ದಯೆ ಮೂರೇ ತಿಂಗಳಲ್ಲಿ ಅವಳನ್ನು ಮರದ ಬೊಂಬೆಯಂತೆ ಸೆಟೆಯುವ ಹಾಗೆ ಮಾಡಿದೆ. ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಅಲ್ಲಿನ ಮೇಲ್ವಿಚಾರಕರು 'ಸೀಟಿನಲ್ಲಿಲ್ಲ' ಎಂದು ಕೆಂಪು ಶಾಯಿಯಲ್ಲಿ ಗುರುತು ಹಾಕುತ್ತಾರೆ. ಈಗ ತಮ್ಮ ನೋಟಿಸು ಬಂದಿದೆ: ಸೋಮವಾರ ಬಂದು, ಎಂಟು ಗಂಟೆ ಕೂರಬಲ್ಲೆ ಎಂದು ಬರೆದುಕೊಡಬೇಕು, ಇಲ್ಲವಾದರೆ 'ಸೇವೆಗೆ ಅಸಮರ್ಥಳು' ಎನಿಸಿಕೊಂಡು ಮನೆಗೆ ಹೋಗಬೇಕು. ಅವಳಿಗೆ ಮೂವತ್ತನಾಲ್ಕು ವರ್ಷ.

ಕಾಯಿಲೆಯ ಹೆಸರು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್. ನಾನು ಕಾಲೇಜಿನಲ್ಲಿ ಇಂಗ್ಲಿಷನ್ನು ಎರಡು ಸಲ ಓದಿದವನು, ಮೊದಲನೇ ಸಲ ಪಾಸಾಗಲಿಲ್ಲ ಎಂಬುದು ಬೇರೆ ಮಾತು, ಆದರೂ ಈ ಹೆಸರು ನಾಲಿಗೆಗೆ ಹತ್ತಲು ಒಂದು ತಿಂಗಳು ಹಿಡಿಯಿತು. ಕೀಲುಗಳ ಡಾಕ್ಟರಮ್ಮ ಬಿಡಿಸಿ ಹೇಳಿದರು. ಇದು ಭಾರ ಎತ್ತಿ ಉಳುಕಿದ್ದಲ್ಲ, ವಯಸ್ಸಾಗಿ ಸವೆದಿದ್ದಲ್ಲ. ಮೈ ಕಾಯಬೇಕಾದ ಶಕ್ತಿಯೇ ದಿಕ್ಕು ತಪ್ಪಿ ಬೆನ್ನು ಸೊಂಟಗಳ ಕೀಲಿನಲ್ಲಿ ಉರಿಯೂತ ಎಬ್ಬಿಸುತ್ತದೆ. ಹಾಗೇ ಬಿಟ್ಟರೆ ಕೆಲವರಲ್ಲಿ ಮೂಳೆಗೆ ಮೂಳೆ ಬೆಸೆದುಕೊಳ್ಳುತ್ತದೆ. ಬೇರೆ ಬೆನ್ನುನೋವು ಮಲಗಿದರೆ ಇಳಿಯುತ್ತದೆ, ಇದು ಮಲಗಿದರೆ ಏರುತ್ತದೆ, ಓಡಾಡಿದರೆ ಇಳಿಯುತ್ತದೆ. ತಪ್ಪದೆ ಔಷಧಿ, ದಿನಾ ವ್ಯಾಯಾಮ, ಒಂದೇ ಕಡೆ ಕೂರದಿರುವುದು, ಇವಿಷ್ಟು ಮಾಡಿದರೆ ಕೆಲಸ ಮಾಡಿಕೊಂಡು ಚೆನ್ನಾಗಿಯೇ ಇರಬಹುದಂತೆ. ಇಷ್ಟು ನನ್ನಂಥವನಿಗೇ ಅರ್ಥವಾಯಿತು. ಮೂವರು ವೈದ್ಯರಿರುವ ಮಂಡಳಿಗೆ ಅರ್ಥವಾಗಲು ನಾಲ್ಕನೆಯವರು ಬೇಕೇ?

ತಾವು ಪರೀಕ್ಷೆ ಮಾಡಿದ ದಿನ ನಾನು ಬಾಗಿಲ ಬಳಿಯ ಬೆಂಚಿನಲ್ಲಿದ್ದೆ. ಮಧ್ಯಾಹ್ನ ಮೂರು ಗಂಟೆ. ಬೆಳಿಗ್ಗೆಯಿಂದ ತಮ್ಮ ಕಚೇರಿಯ ಮೂರು ಮಹಡಿ ಹತ್ತಿಳಿದು ಅವಳ ಮೈ ಸಡಿಲವಾಗಿತ್ತು.

"ನಡೆಯೋಕಾಗುತ್ತಾಮ್ಮ?" ಅಂದಿರಿ.

"ಆಗುತ್ತೆ ಸರ್. ನಡೆದ್ರೇನೇ ಆರಾಮು."

"ಮತ್ತೆ ಕಾಯಿಲೆ ಯಾವಾಗ?"

"ಕೂತಾಗ ಸರ್. ಬೆಳಿಗ್ಗೆ ಏಳುವಾಗ."

"ಒಳ್ಳೇ ಕಾಯಿಲೆ ಕಣಮ್ಮ, ಆಫೀಸ್ ಟೈಮಿಗೆ ಸರಿಯಾಗಿ ಬರುತ್ತಲ್ಲ," ಅಂದಿರಿ. ಪಕ್ಕದಲ್ಲಿದ್ದವರು ನಕ್ಕರು. ನಗದೆ ಏನು ಮಾಡಿಯಾರು ಪಾಪ, ಅಧ್ಯಕ್ಷರ ಹಾಸ್ಯ. ಎಕ್ಸ್‌ರೇ ಬೆಳಕಿಗೆ ಹಿಡಿದು "ಕ್ಲೀನಾಗಿದೆ" ಎಂದಿರಿ. ಎಕ್ಸ್‌ರೇಯಲ್ಲಿ ಇದು ಕಾಣಿಸಿಕೊಳ್ಳಲು ವರ್ಷಗಳೇ ಹಿಡಿಯಬಹುದಂತೆ. ಉರಿಯೂತ ತೋರಿಸುವ ಎಂಆರ್‌ಐ ವರದಿ ಫೈಲಿನಲ್ಲೇ ಇತ್ತು. ಫೈಲು ಮಾತ್ರ ಮುಚ್ಚಿತ್ತು.

ನಾನು ಎದ್ದು ನಿಂತು ಆಕ್ಷೇಪಿಸಿದಾಗ ತಮ್ಮ ಗುಮಾಸ್ತರು ಒಂದು ಕಾಗದ ತೋರಿಸಿದರು. "ಕುರ್ಚಿ ಕೇಳಿದ್ದು ತಾವೇ ಅಲ್ವಾ ಯಜಮಾನ್ರೇ?"

ಹೌದು, ನಾನೇ. ಇದನ್ನು ಮುಚ್ಚಿಟ್ಟು ತಮ್ಮನ್ನು ಮಾತ್ರ ಬಯ್ದರೆ ಅನ್ಯಾಯವಾದೀತು. ಕಾಯಿಲೆ ಗೊತ್ತಾದ ವಾರವೇ ಮಗಳು ಹೇಳಿದ್ದಳು: "ಅಪ್ಪಾ, ಬೆಳಿಗ್ಗೆ ಒಂದು ಗಂಟೆ ತಡವಾಗಿ ಬರೋಕೆ ಕೇಳಿದ್ರೆ ಸಾಕು. ಮೈ ಬಿಟ್ಕೊಳ್ಳೋಕೆ ಅಷ್ಟು ಹೊತ್ತು ಬೇಕು."

"ಸುಮ್ನಿರು. ಸರ್ಕಾರಕ್ಕೆ ಹೇಗೆ ಬರೀಬೇಕು ಅಂತ ನಂಗೊತ್ತು," ಎಂದೆ. ಮೋಸ್ಟ್ ಹಂಬ್ಲಿ ಐ ಬೆಗ್ ಎಂದು ಶುರುಮಾಡಿ, ಬಿಸಿಲಲ್ಲಿ ಅಲೆಯುವ ನನ್ನ ಬಡಪಾಯಿ ಮಗಳಿಗೆ ಪೂರ್ತಿ ವಿಶ್ರಾಂತಿಯ ಸೀಟು ಕರುಣಿಸಬೇಕೆಂದು ಒಂದೂವರೆ ಪುಟ ಬರೆದೆ. ನನ್ನ ರುಜುವಿನ ಕೆಳಗೆ, ಅಪ್ಪ ಬರೆದದ್ದಲ್ಲವೇ ಎಂದು ಅವಳೂ ಓದದೆ ರುಜು ಹಾಕಿದಳು. ನನ್ನ ಸರ್ಕಾರಿ ನೌಕರಿಯ ನಲವತ್ತು ವರ್ಷದಲ್ಲಿ ನಾನು ಬರೆದ ಅರ್ಜಿಗಳ ಪೈಕಿ ಇಷ್ಟು ಬೇಗ ಮಂಜೂರಾದದ್ದು ಇದೊಂದೇ.

ಬೆನ್ನುನೋವು ಎಂದರೆ ಮಲಗಿಸಬೇಕು ಎಂಬ ಪಾಂಡಿತ್ಯ ನನ್ನದು ಹಳೆಯದು. ನನ್ನ ಹೆಂಡತಿ ಬೆಳಿಗ್ಗೆ ಐದಕ್ಕೇ ಎದ್ದು ಹಜಾರದಲ್ಲಿ ಗೋಡೆ ಹಿಡಿದು ಆ ತುದಿಯಿಂದ ಈ ತುದಿಗೆ ಓಡಾಡುತ್ತಿದ್ದಳು. "ಯಾರು ಅಟ್ಟಿಸಿಕೊಂಡು ಬರ್ತಿದಾರೆ ನಿನ್ನ? ಬಂದು ಬಿದ್ಕೋಬಾರದಾ," ಎನ್ನುತ್ತಿದ್ದೆ. "ಬಿದ್ಕೊಂಡ್ರೆ ಕೊರಡಾಗ್ತೀನಿ ಕಣ್ರೀ," ಎನ್ನುತ್ತಿದ್ದಳು. ಬಿಸಿನೀರಿನ ಚೀಲ ತಂದುಕೊಟ್ಟು ಬಲವಂತವಾಗಿ ಮಲಗಿಸಿ, ಒಳ್ಳೆಯ ಗಂಡನಾದೆ ಎಂದುಕೊಂಡು ಪೇಪರ್ ಓದುತ್ತಿದ್ದೆ. ಅವಳು ಹೃದಯಾಘಾತದಿಂದ ಹೋಗಿ ಮೂರು ವರ್ಷವಾಯಿತು. ಡಾಕ್ಟರಮ್ಮ, "ಮನೇಲಿ ಬೇರೆ ಯಾರಿಗಾದ್ರೂ ಹೀಗೆ ಇತ್ತಾ?" ಎಂದು ಕೇಳಿದಾಗ ನಾನು ಥಟ್ಟನೆ "ಯಾರಿಗೂ ಇಲ್ಲ" ಎಂದೆ. ಮಗಳು ನನ್ನ ಕಡೆ ತಿರುಗಿದಳು. ಕತ್ತು ಹೊರಳದೆ ಇಡೀ ಮೈಯನ್ನೇ ತಿರುಗಿಸಿ, "ಅಮ್ಮ ಇದ್ಳಲ್ಲ ಅಪ್ಪಾ," ಎಂದಳು.

ನನ್ನ ಹೆಂಡತಿಗೂ ಅದೇ ಇತ್ತೋ ಇಲ್ಲವೋ, ಈಗ ಯಾರೂ ಹೇಳಲಾರರು. ಅದನ್ನು ತಮ್ಮ ಲೆಕ್ಕಕ್ಕೆ ಹಾಕುವುದಿಲ್ಲ, ಅದು ನನ್ನದು. ಆದರೆ ಮಗಳ ವಿಷಯದಲ್ಲಿ ತಮಗೆ ಸೋಮವಾರದವರೆಗೆ ಸಮಯವಿದೆ. ಕುರ್ಚಿ ಕೇಳಿದ ನನ್ನ ಅರ್ಜಿಯನ್ನು ಹರಿದು ಹಾಕಿ. ಅವಳನ್ನು ಮೂರು ಗಂಟೆಗಲ್ಲ, ಬೆಳಿಗ್ಗೆ ಆರೂವರೆಗೆ ನೋಡಿ. ಕಾಲುಚೀಲ ಹಾಕಿಕೊಳ್ಳಲು ಎಷ್ಟು ಹೊತ್ತು ಬೇಕಾಗುತ್ತದೆ ಎಂದು ಗಡಿಯಾರ ಹಿಡಿದು ನೋಡಿ. ಒಂದು ಗಂಟೆ ನಡೆದ ಮೇಲೆ ಮತ್ತೆ ನೋಡಿ. ಆ ಎರಡೂ ಬೆನ್ನು ಅವಳವೇ, ಯಾವುದೂ ನಾಟಕವಲ್ಲ.

ಎಂಟು ಗಂಟೆ ಕೂರುತ್ತೇನೆಂಬ ಕಾಗದಕ್ಕೆ ಅವಳು ರುಜು ಹಾಕುವುದಿಲ್ಲ. ಹಾಕು ಎಂದು ನಾನೂ ಹೇಳುವುದಿಲ್ಲ. ಈ ಸಲ ಅರ್ಜಿಯನ್ನು ಅವಳೇ ಬರೆದಿದ್ದಾಳೆ: "ನನ್ನ ನಡೆಯುವ ಕೆಲಸ ನನಗೆ ಕೊಡಿ. ಒಂದು ಗಂಟೆ ತಡವಾಗಿ ಬಂದು ಒಂದು ಗಂಟೆ ತಡವಾಗಿ ಹೋಗುತ್ತೇನೆ." ಅಷ್ಟೇ. ಹಂಬ್ಲಿ ಇಲ್ಲ, ಬೆಗ್ ಇಲ್ಲ. ತಿದ್ದಿಕೊಡಲು ಕೈ ಚಾಚಿದೆ. ಅವಳು ಕೊಡಲಿಲ್ಲ.

ಇಂತಿ,
ಹಿಂದಿನ ಅರ್ಜಿ ಬರೆದು ಕೆಡಿಸಿದವನು,
ಮೀಟರ್ ಓದುವವಳ ಅಪ್ಪ